ರಾಗಿ ಕಣಕ್ಕೆ ಬಂದ ಕೆಂಪು ಕಾರು

ಮೊನ್ನೆ ಕೆ.ಆರ್. ಪೇಟೆಯಿಂದ ಪಾಂಡವಪುರಕ್ಕೆ ಹೋಗುತ್ತಿದ್ದ ಬಸ್ಸು ಒಂದು ಊರಿನ ಮುಂದೆ ನಿಧಾನವಾಯಿತು. ರಸ್ತೆಯ ಮೇಲೆ ಉದ್ದಕ್ಕೂ ಹುರುಳಿ ಗಿಡ ಹರಡಿದ್ದರು. ಡ್ರೈವರು ಬೈದುಕೊಂಡೇ ಅದರ ಮೇಲೆ ಹತ್ತಿಸಿದ. ಬಿಸಿಯಾದ ಟೈರು, ಒಣಗಿದ ಸೊಪ್ಪು, ಧೂಳು ಸೇರಿದ ವಾಸನೆ ಕಿಟಕಿಯಿಂದ ಒಳಗೆ ಬಂತು. ಬಸ್ಸಿನ ಹಿಂಭಾಗ ಒಂದು ಗೇಣಿನಷ್ಟು ಪಕ್ಕಕ್ಕೆ ಜಾರಿ ಮತ್ತೆ ಸರಿಯಾಯಿತು. ಪಕ್ಕದಲ್ಲಿದ್ದ ಹೆಂಗಸು ಶಿವಶಿವಾ ಅನ್ನುತ್ತ ನನ್ನ ತೋಳು ಹಿಡಿದುಕೊಂಡರು. ನನಗೆ ಭಯವಾಗಲಿಲ್ಲ. ತೊಂಬತ್ತೇಳರ ಸುಗ್ಗಿ ನೆನಪಾಯಿತು, ಅಣ್ಣನ ಜೀಪು ನೆನಪಾಯಿತು, ಯಾಕೆ ಬಂತೆಂದು ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲದ ಒಂದು ಕೆಂಪು ಕಾರು ನೆನಪಾಯಿತು.

ನಮ್ಮೂರು ಬೂಕನಕೆರೆಯಿಂದ ಒಳಕ್ಕೆ, ನಾಲೆಯ ನೀರು ಹತ್ತದ ಏರಿನ ಮೇಲಿದೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರು ಭತ್ತ, ಕಬ್ಬು ಅಂತ ಓಡಾಡುವಾಗ ನಮ್ಮ ಸುತ್ತಿನ ಐದು ಹಳ್ಳಿಯವರು ಕೊಯ್ದು ಒಟ್ಟಿದ ರಾಗಿ ಮೆದೆಗಳನ್ನು ನೋಡಿಕೊಂಡು ಕೂತಿರುತ್ತೇವೆ. ಸಂಕ್ರಾಂತಿ ಕಳೆದ ಮೇಲೆ ಮೆದೆ ಕೆಡವಿ ಒಕ್ಕಣೆ. ಮೊದಲು ಎತ್ತು ಕಟ್ಟಿ ರಾಗಿಯ ಮೇಲೆ ಕಲ್ಲಿನ ಗುಂಡು ಉರುಳಿಸುತ್ತಿದ್ದರು. ನಾನು ಮಿಡ್ಲ್ ಸ್ಕೂಲಿಗೆ ಹೋಗುವ ಹೊತ್ತಿಗೆ ಎತ್ತಿನ ಜಾಗಕ್ಕೆ ಜೀಪು ಬಂದಿತ್ತು. ಕಣದ ನಡುವೆ ಮೇಟಿ ಕಂಬ, ಅದರ ಸುತ್ತ ರಾಗಿ ಹರಡಿ, ಅದರ ಮೇಲೆ ಜೀಪು ಸುತ್ತುತ್ತಿತ್ತು.

ಸುಮ್ಮನೆ ನೆಟ್ಟಗೆ ಸುತ್ತಿದರೂ ಕಾಳು ಉದುರುತ್ತದೆ. ಆದರೆ ಜೀಪಿನ ಹಿಂದಿನ ಚಕ್ರ ಅಡ್ಡಡ್ಡ ಜಾರಿಕೊಂಡು ಹೋದರೆ ಹುಲ್ಲು ಮಗುಚಿ ಬೀಳುತ್ತದೆ, ತೆನೆ ಅಂಗೈಯಲ್ಲಿ ಉಜ್ಜಿದ ಹಾಗೆ ಬಿಡುತ್ತದೆ, ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ಇದನ್ನು ಯಾವ ಡ್ರೈವರು ಮೊದಲು ಕಂಡುಕೊಂಡನೋ ತಿಳಿಯದು. ಮುಖ ಮೇಟಿಯ ಕಡೆಗೆ, ಬಾಲ ಹೊರಕ್ಕೆ, ಸ್ಟೇರಿಂಗನ್ನು ಬಾಲ ಹೋಗುವ ಕಡೆಗೇ ತಿರುಗಿಸಿ ಹಿಡಿದು, ಮೇಟಿಗೂ ತಾಗದೆ ಕಣದಿಂದಾಚೆಗೂ ಹೋಗದೆ ಸುತ್ತಬೇಕು. ನಮ್ಮ ಕಡೆ ಅದಕ್ಕೆ ಅಡ್ಡೋಟ ಅಂತ ಹೆಸರು. ಯಾರ ಅಡ್ಡೋಟ ಚೆನ್ನ ಅಂತ ನೋಡಲು ಪ್ರತಿ ವರ್ಷ ಒಂದು ಪಂದ್ಯ. ಗೆದ್ದವನಿಗೆ ಕಪ್ಪಿಲ್ಲ, ಹಾರವಿಲ್ಲ. ಐದು ಹಳ್ಳಿಯ ಒಕ್ಕಣೆಯಲ್ಲಿ ಮೊದಲ ಕರೆ ಅವನಿಗೆ. ಅವನಿಗೆ ಸಾಕಾಗಿ ಬಿಟ್ಟದ್ದು ಉಳಿದವರಿಗೆ. ಅದಕ್ಕೇ ನಾಗಮಂಗಲದಿಂದ, ಪಾಂಡವಪುರದಿಂದ, ಶ್ರೀರಂಗಪಟ್ಟಣದಿಂದಲೂ ಬಾಡಿಗೆ ಜೀಪಿನವರು ಬರುತ್ತಿದ್ದರು. ಎಲ್ಲಿಯವನು ಅಂತ ಕೇಳುವ ಪದ್ಧತಿ ಇರಲಿಲ್ಲ.

ನನ್ನಣ್ಣ ನಿಂಗರಾಜ ಅದರ ಹಿಂದಿನ ಎರಡು ವರ್ಷ ಗೆದ್ದಿದ್ದ. ಬೇರೆ ದಿನಗಳಲ್ಲಿ ಅವನ ಜೀಪು ಕೆ.ಆರ್. ಪೇಟೆಗೆ ಜನರನ್ನು ಸಾಗಿಸುತ್ತಿತ್ತು. ಆ ವರ್ಷ ಹೊಸ ಬಸ್ಸುಗಳು ಬಂದು ಜೀಪಿಗೆ ಜನ ಕಮ್ಮಿಯಾದರು. ಅಪ್ಪ ದೀಪಾವಳಿಯ ದಿನವೇ ಹೇಳಿಬಿಟ್ಟಿದ್ದರು.

"ನೋಡ್ಲಾ ನಿಂಗ, ಈ ಸುಗ್ಗಿ ನಿನ್ ಕೈಲಿದ್ರೆ ಜೀಪು ಇರ್ಲಿ. ಕೈ ತಪ್ತಾ, ಮಾರ್ಬುಡು. ಮೈಸೂರಲ್ಲಿ ಡಾಕ್ಟ್ರು ಕಾರಿಗೆ ಡ್ರೈವರ್ ಬೇಕಂತೆ, ಓಗಿ ಸೇರ್ಕೊ."

"ಕಂಡೋರ ಕಾರಿನ ಬಾಗ್ಲು ತಗ್ಯಕ್ಕಾ?" ಅಂದ ಅಣ್ಣ.

"ಬಾಗ್ಲು ತಗುದ್ರೆ ಕೈ ಸವ್ಯಕ್ಕಿಲ್ಲ."

ಅಣ್ಣ ಎದ್ದು ಅಂಗಳಕ್ಕೆ ಹೋದ. ಜೀಪಿನ ಬಾನೆಟ್ಟು ತೆಗೆದು ಅದರೊಳಗೆ ತಲೆ ಹಾಕಿದ. ಆ ತಿಂಗಳೆಲ್ಲ ಅವನ ಮುಖಕ್ಕಿಂತ ಹೆಚ್ಚಾಗಿ ನಾನು ಅವನ ಬೆನ್ನು ನೋಡಿದೆ.

ನಾನು, ಅವನ ತಂಗಿ, ಆಗ ಬಿ.ಕಾಂ. ಎರಡನೇ ವರ್ಷ. ದಿನಾ ಡೈರಿ ಬರೆಯುವ ಅಭ್ಯಾಸ ಮೊದಲಿನಿಂದ ಇತ್ತು. ಮಳೆ ಬಂದ ದಿನ, ಹಸು ಕರು ಹಾಕಿದ ದಿನ, ಬಸ್ಸು ಕೆಟ್ಟ ದಿನ, ಎಲ್ಲ ಗುರುತು ಹಾಕುತ್ತಿದ್ದೆ. ಹೀಗಾಗಿ ಪಂದ್ಯದಲ್ಲಿ ಯಾರು ಎಷ್ಟು ಸುತ್ತು ಕೆಡದೆ ಬಂದರು ಅಂತ ಬರೆದುಕೊಳ್ಳುವ ಕೆಲಸ ನನಗೇ ಬಿದ್ದಿತ್ತು. ತೀರ್ಪು ಹೇಳುವವರು ಮರೀಗೌಡರು, ನಮ್ಮೂರಿನ ಹಿರಿಯರು. ಅವರ ಕಣ್ಣು ಮಂದವಾಗಿತ್ತು. ಆದರೆ ಹುಲ್ಲು ಮಗುಚುವ ಸದ್ದು ಕೇಳಿ, ಆಮೇಲೆ ಕಣಕ್ಕಿಳಿದು ಕಾಲಿನಲ್ಲಿ ಹುಲ್ಲು ಒದ್ದು ನೋಡಿ ತೀರ್ಮಾನ ಹೇಳುತ್ತಿದ್ದರು. ಅವರ ಮಾತಿಗೆ ಯಾರೂ ಎದುರಾಡಿದ್ದಿಲ್ಲ.

ಪಂದ್ಯಕ್ಕೆ ಮೊದಲು ಎರಡು ಭಾನುವಾರ ಡ್ರೈವರುಗಳೆಲ್ಲ ಸೇರಿ ಕೈ ಪಳಗಿಸಿಕೊಳ್ಳುವುದಿತ್ತು. ಆ ವರ್ಷದ ಮೊದಲ ಭಾನುವಾರ ನಾಗಮಂಗಲದ ಆಚೆ, ಒಂದು ಒಣಗಿದ ಕೆರೆಯ ಅಂಗಳದಲ್ಲಿ. ಬೆಳಗಿನ ಇಬ್ಬನಿ ಇನ್ನೂ ಹುಲ್ಲಿನ ಮೇಲಿತ್ತು. ಅಣ್ಣ ಒಂದು ಸರದಿ ಮುಗಿಸಿ ಬಂದು ಬೀಡಿ ಹಚ್ಚುತ್ತಿದ್ದ. ಆಗ ಏರಿಯ ಮೇಲಿಂದ ಏನೋ ಗುಡುಗಿದ ಹಾಗಾಯಿತು. ಎಲ್ಲರೂ ತಿರುಗಿ ನೋಡಿದರೆ ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ ಹಾಗಿರುವ ಕಾರೊಂದು ಏರಿಯಿಂದ ಇಳಿಯಲು ಜಾಗ ಹುಡುಕುತ್ತಿತ್ತು. ಪರದೇಶದ ಕಾರು. ಎರಡೇ ಸೀಟು. ಅಂಥದ್ದನ್ನು ನಾವು ಕ್ಯಾಲೆಂಡರಿನಲ್ಲಿ ನೋಡಿದ್ದೆವು.

ಇಳಿದವನು ಪ್ರತಾಪ. ಮೈಸೂರಿನಲ್ಲಿ ಇರುವವನು, ಅಣ್ಣನದೇ ವಯಸ್ಸು. ಅವನ ತಾತನ ಕಾಲದ ಜಮೀನು ಪಾಂಡವಪುರದ ಹತ್ತಿರ ಇನ್ನೂ ಇದೆ, ಅಪ್ಪ ದೊಡ್ಡ ಕಂಟ್ರಾಕ್ಟರು ಅಂತ ಆಮೇಲೆ ತಿಳಿಯಿತು. ಅವನು ಎಲ್ಲರಿಗೂ ಕೈ ಮುಗಿದು, "ನಾನೂ ಪಂದ್ಯಕ್ಕೆ ಬರಬಹುದಾ?" ಅಂತ ಕೇಳಿದ.

ಯೂಸುಫಣ್ಣ ಅನ್ನುವ ನಾಗಮಂಗಲದ ಜೀಪಿನವನು ಅಲ್ಲಿದ್ದ. ಅಣ್ಣನ ಸ್ನೇಹಿತ, ಬಾಯಿ ಸುಮ್ಮನಿಡುವವನಲ್ಲ. ಕಾರನ್ನು ಒಂದು ಸುತ್ತು ಬಂದು ನೋಡಿ, "ಏನ್ ಸಾಬ್, ರಾಗಿ ಮುದ್ದೆಗೆ ಬೆಳ್ಳಿ ಚಮ್ಚ ತಂದಿದೀರಿ," ಅಂದ. ಎಲ್ಲರೂ ನಕ್ಕರು. ಪ್ರತಾಪನೂ ನಕ್ಕ. ಅವನು ನಕ್ಕಿದ್ದೇ ನನಗೆ ಅನುಮಾನ ತಂತು. ಅಷ್ಟು ದೊಡ್ಡ ಕಾರಿನವನು ಅಷ್ಟು ಸುಲಭವಾಗಿ ನಗಬಾರದು ಅನ್ನಿಸಿತು.

ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಎಲ್ಲಿಯವನು ಅಂತ ಕೇಳದಿರುವ ಪದ್ಧತಿಯಲ್ಲಿ ಯಾವ ಕಾರು ಅಂತ ಕೇಳುವುದು ಹೇಗೆ? ಅವನು ಕಣಕ್ಕಿಳಿದ. ಇಂಜಿನ್ನು ಒಂದು ಸಲ ಗರ್ಜಿಸಿತು, ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಹುಲ್ಲನ್ನೆಲ್ಲ ನಮ್ಮ ಮುಖಕ್ಕೆ ಎರಚಿತು, ಕಾರು ಬುಗುರಿಯ ಹಾಗೆ ಒಂದು ಸುತ್ತು ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಮತ್ತೆ ಪ್ರಯತ್ನಿಸಿದ. ಮತ್ತೆ ಬುಗುರಿ. ನನ್ನ ಲೆಕ್ಕದಲ್ಲಿ ಅವತ್ತು ಅವನ ಹೆಸರಿನ ಮುಂದೆ ಕೆಡದ ಸುತ್ತು ಒಂದೂ ಇಲ್ಲ.

ಮುಂದಿನ ಭಾನುವಾರ ಶ್ರೀರಂಗಪಟ್ಟಣದ ಹತ್ತಿರ ಕಿರಂಗೂರಿನ ಕಡೆ, ಭತ್ತ ಕೊಯ್ದ ಗದ್ದೆ ಬಯಲಲ್ಲಿ ಸೇರಿದೆವು. ಅಲ್ಲಿಗೂ ಬಂದ. ಅಲ್ಲೂ ಅದೇ. ಒಂದು ಸಲ ಅರ್ಧ ಸುತ್ತು ಚೆನ್ನಾಗಿ ಬಂದು, ಇನ್ನೇನು ಅನ್ನುವಷ್ಟರಲ್ಲಿ ಬಾಲ ಮುಂದಕ್ಕೆ ಓಡಿ, ಕಾರು ಬದು ಹಾರಿ ಪಕ್ಕದ ಗದ್ದೆಯಲ್ಲಿ ನಿಂತಿತು. ಅಣ್ಣನೂ ಯೂಸುಫಣ್ಣನೂ ಇನ್ನಿಬ್ಬರೂ ಹೋಗಿ ಎತ್ತಿ ಈಚೆಗಿಟ್ಟರು. ಎತ್ತುವಾಗ ಅಣ್ಣ ಕಾರಿನ ಹಿಂಭಾಗ ಹಿಡಿದಿದ್ದ. ಬಂದು ನನಗೆ ಹೇಳಿದ, "ಅಮ್ಮಿ, ಅದ್ರ ಮುಂದ್ಗಡೆ ಕೋಣದಂಗೆ ಐತೆ. ಇಂದ್ಗಡೆ ಮೇಕೆ."

ಆ ಮಾತು ಆಗ ನನಗೂ ತಟ್ಟಲಿಲ್ಲ, ಅವನಿಗೂ ತಟ್ಟಲಿಲ್ಲ.

ಅಷ್ಟರಲ್ಲಿ ಊರೂರಲ್ಲಿ ಮಾತು ಹುಟ್ಟಿತ್ತು. ಇವನು ಯಾಕೆ ಬಂದ? ಅವರಪ್ಪ ಮುಂದಿನ ಎಲೆಕ್ಷನ್ನಿಗೆ ನಿಲ್ಲುತ್ತಾನಂತೆ, ಅದಕ್ಕೆ ಮಗನನ್ನು ಜನರ ನಡುವೆ ಬಿಟ್ಟಿದ್ದಾನೆ ಅಂತ ಕೆಲವರು. ಹಿನ್ನೀರಿನ ಪಕ್ಕ ಜಮೀನು ಹುಡುಕುತ್ತಿದ್ದಾನೆ, ಹೋಟೆಲು ಕಟ್ಟುತ್ತಾನೆ ಅಂತ ಕೆಲವರು. ಅಕ್ಕಿಹೆಬ್ಬಾಳಿನಲ್ಲಿ ಹೆಣ್ಣು ನೋಡಿದ್ದಾನೆ, ಅವಳಿಗೆ ಕಾರು ತೋರಿಸುವುದಕ್ಕೆ ಈ ಕಡೆ ಸುತ್ತುತ್ತಿದ್ದಾನೆ ಅಂತ ನಮ್ಮ ಅವ್ವನೇ ನೀರು ಸೇದುವಾಗ ಕೇಳಿಕೊಂಡು ಬಂದಳು. ನಾನು ಮೂರನ್ನೂ ಬರೆದಿಟ್ಟುಕೊಂಡು ಯಾವುದು ನಿಜವಾಗುತ್ತದೋ ನೋಡೋಣ ಅಂತ ಕಾದೆ. ಸುಮ್ಮನೆ ಆಸೆಗೆ ಬಂದಿರಬಹುದು ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಅವರ ಮೇಲೂ ಅನುಮಾನ ಬರುತ್ತಿತ್ತು.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಡ್ರೈವರುಗಳೆಲ್ಲ ಮರೀಗೌಡರ ಜಗುಲಿಗೆ ಬಂದರು. ಪ್ರತಾಪನಿಗೆ ಹೇಳಿಕಳಿಸಿರಲಿಲ್ಲ. ಆದರೂ ಅವನು ಆ ಹೊತ್ತಿಗೆ ಊರಿಗೆ ಬಂದು, ದೂರದಲ್ಲಿ ಅರಳಿಕಟ್ಟೆಯ ಹತ್ತಿರ ಕಾರು ಒರೆಸುತ್ತಿದ್ದ.

ಯೂಸುಫಣ್ಣನೇ ಶುರು ಮಾಡಿದ. "ಗೌಡ್ರೇ, ನಮ್ದು ಜೀಪು ಗುದ್ದಿದ್ರೆ ನಮ್ಮನೇಲಿ ಒಲೆ ಅತ್ತಲ್ಲ. ಅವ್ರುದು ಗುದ್ದಿದ್ರೆ ಇನ್ನೊಂದು ಬತ್ತದೆ. ಇಬ್ರನ್ನೂ ಒಂದೇ ಕಣದಾಗೆ ಬುಟ್ರೆ ಎಂಗೆ ಇನ್ಸಾಫು, ಏನ್ ನ್ಯಾಯ?"

"ಅವ್ನಿಗೆ ಓಡ್ಸಕ್ಕೇ ಬರಲ್ವಲ್ಲಾ," ಅಂದರು ಮರೀಗೌಡರು.

"ಬತ್ತದೆ. ನಾಟ್ಕ ಮಾಡ್ತಾವ್ನೆ. ಅಷ್ಟು ದೊಡ್ಡ ಇಂಜಿನ್ನು ಇಟ್ಕೊಂಡು ಒಂದು ಸುತ್ತು ಬರಕ್ಕಾಗಕಿಲ್ವಾ? ಯಾರ್ ನಂಬ್ತಾರೆ? ಎರಡು ವಾರ ಬೇಕಂತ್ಲೇ ಸೋತವ್ನೆ. ನಾಳೆ ತೋರಿಸ್ತಾನೆ ನೋಡಿ."

ಪಾಂಡವಪುರದ ಒಬ್ಬ ಡ್ರೈವರು ಬೇರೆ ಮಾತು ಹೇಳಿದ. ಶಕ್ತಿ ಕಮ್ಮಿ ಇರುವ ಗಾಡಿಯನ್ನು ಜಾರಿಸಬೇಕಾದರೆ ಬುದ್ಧಿ ಬೇಕು, ವೇಗ ಕೂಡಿಟ್ಟುಕೊಂಡು ಬರಬೇಕು, ಸಮಯ ನೋಡಿ ಕೈ ಬಿಡಬೇಕು. ಅವನದ್ದು ಪೆಡಲು ತುಳಿದರೆ ಸಾಕು, ತಾನೇ ಜಾರುತ್ತದೆ. ಆಟ ಗಾಡಿಯದ್ದೋ ಆಳಿನದ್ದೋ? ಅದಕ್ಕೆ ಇನ್ನೊಬ್ಬ, ಜಾರುವುದು ಸುಲಭ, ಜಾರಿದ್ದನ್ನು ಹಿಡಿಯುವುದಲ್ಲವೇ ಕಷ್ಟ, ಅಷ್ಟು ಶಕ್ತಿಯನ್ನು ಹಿಡಿದರೆ ಅವನೇ ಆಳು ಅಂದ. ಮಾತು ಬೆಳೆಯಿತು. ಎಲ್ಲರ ಮಾತಿನಲ್ಲೂ ಸ್ವಲ್ಪ ನಿಜವಿತ್ತು, ಎಲ್ಲರ ಮಾತಿನ ತಳದಲ್ಲೂ ಒಂದೇ ಭಯವಿತ್ತು. ಅವನು ಗೆದ್ದು, ಒಕ್ಕಣೆಗೆ ಬಾರದೆ ಹೋದರೆ ಮೊದಲ ಕರೆಯ ಗತಿ ಏನು? ಬಂದೇಬಿಟ್ಟರೆ ನಮ್ಮ ಗತಿ ಏನು?

ನಾನು ನನ್ನ ಲೆಕ್ಕ ತೆಗೆದು ಹೇಳಿದೆ, "ಎರಡು ಭಾನುವಾರದಲ್ಲಿ ಅವರು ಒಂದು ಸುತ್ತೂ ಪೂರ್ತಿ ಬಂದಿಲ್ಲ. ಅಣ್ಣನದು ಒಂದೂ ಕೆಟ್ಟಿಲ್ಲ. ಹೆದರೋದು ಯಾಕೆ?"

ಯೂಸುಫಣ್ಣ ನನ್ನ ಕಡೆ ಕನಿಕರದಿಂದ ನೋಡಿದ. "ಅದೇ ಕಣಮ್ಮಾ. ಅಷ್ಟು ಚೆನ್ನಾಗಿ ಸೋಲ್ಬೇಕಾದ್ರೆ ಎಷ್ಟು ಚೆನ್ನಾಗಿ ಬರ್ಬೇಕು ಅವ್ನಿಗೆ."

 ಅಣ್ಣ ಜಗುಲಿಯ ಕಂಬಕ್ಕೆ ಒರಗಿದ್ದ. ಅವನ ಕಣ್ಣು ಅರಳಿಕಟ್ಟೆಯ ಕಡೆಗಿತ್ತು.

ಕೊನೆಗೆ ಮರೀಗೌಡರು ಎತ್ತಿನ ಕಾಲದ ಒಂದು ಪದ್ಧತಿ ತೆಗೆದರು. ಆಗ ಬಲವಾದ ಜೊತೆ ಎತ್ತಿಗೆ ದೊಡ್ಡ ಗುಂಡು, ಬಡಕಲು ಜೊತೆಗೆ ಚಿಕ್ಕ ಗುಂಡು ಕಟ್ಟುತ್ತಿದ್ದರಂತೆ. "ಓಡ್ಸಬ್ಯಾಡ ಅನ್ನಾದು ಬ್ಯಾಡ. ಬಲ ಜಾಸ್ತಿ ಅಲ್ವಾ, ಬಾರ ಕಟ್ಟಿ. ಡಿಕ್ಕಿಗೆ ರಾಗಿ ಮೂಟೆ ತುಂಬ್ಸಿ. ಆಗ ಸಮಾ ಆಯ್ತದೆ."

ಎಲ್ಲರಿಗೂ ಸರಿ ಅನ್ನಿಸಿತು. ನನಗೂ ಅನ್ನಿಸಿತು. ಜೀಪಿಗೆ ಒಂದು ಮೂಟೆ ಹೆಚ್ಚು ಹಾಕಿದರೆ ಏರು ಹತ್ತಲು ಏದುಸಿರು ಬಿಡುವುದನ್ನು ನಾವು ದಿನಾ ನೋಡಿದವರು. ಭಾರ ಅಂದರೆ ಕಷ್ಟ. ನಮ್ಮೂರಲ್ಲಿ ಭಾರಕ್ಕೆ ಬೇರೆ ಅರ್ಥವೇ ಇರಲಿಲ್ಲ.

ಪ್ರತಾಪನನ್ನು ಕರೆಸಿ ಹೇಳಿದರು. ಅವನ ಮುಖ ಸಣ್ಣಗಾಯಿತು. "ಬೇಡ ಗೌಡ್ರೇ, ಕಾರು ತುಂಬಾ ಕೆಳಗಿದೆ, ಮೂಟೆ ಹಾಕಿದರೆ ತಳ ತಾಗುತ್ತೆ," ಅಂದ.

"ತಾಗ್ಲಿ ಬುಡಪ್ಪ. ನಮ್ದೆಲ್ಲಾ ತಾಗ್ಕೊಂಡೇ ಓಡಾಡ್ತಾವೆ."

"ಒಂದಾದರೂ ಕಮ್ಮಿ ಮಾಡಿ."

ಅವನು ಬೇಡಬೇಡ ಅಂದಷ್ಟೂ ನಮ್ಮವರಿಗೆ ನಂಬಿಕೆ ಗಟ್ಟಿಯಾಯಿತು. ಒಂದು ಕಮ್ಮಿ ಮಾಡುವ ಬದಲು ಸೀಟಿನ ಹಿಂದೆ ಇನ್ನೊಂದು ಹಾಕಿಸುವುದು ಅಂತಾಯಿತು.

ಪಂದ್ಯದ ದಿನ ಬಿಸಿಲು ಚುರುಕಾಗಿತ್ತು. ಐದು ಹಳ್ಳಿಯ ಜನ ಊರ ಮುಂದಿನ ಬಯಲಿನಲ್ಲಿ ಸೇರಿದ್ದರು. ಹಳೆಯ ಹುಲ್ಲನ್ನು ಮೊಣಕಾಲುದ್ದ ಹರಡಿ, ಮೇಟಿಗೆ ಅರಿಶಿನ ಹಚ್ಚಿ ಹೂ ಸುತ್ತಿದ್ದರು. ಒಬ್ಬೊಬ್ಬರೇ ಬಂದರು. ಯೂಸುಫಣ್ಣನ ಜೀಪು ಮೂರನೇ ಸುತ್ತಿನಲ್ಲಿ ಮೇಟಿಗೆ ಸವರಿತು. ಹೂವೆಲ್ಲ ಬಾನೆಟ್ಟಿನ ಮೇಲೆ ಬಿತ್ತು. "ಪೂಜೆ ಆಯ್ತು, ಮನೆಗೋಗು," ಅಂತ ಯಾರೋ ಕೂಗಿದರು.

ಆಮೇಲೆ ಅಣ್ಣ ಬಂದ. ಅವನ ಅಡ್ಡೋಟದಲ್ಲಿ ಗಡಿಬಿಡಿ ಇರುತ್ತಿರಲಿಲ್ಲ. ದೂರದಿಂದ ವೇಗವಾಗಿ ಬಂದು, ಕಣದ ಅಂಚಿನಲ್ಲಿ ಒಂದು ಕ್ಷಣ ಕಾಲು ತೆಗೆದು, ಜೀಪನ್ನು ಮೇಟಿಯ ಕಡೆ ತಿರುಗಿಸಿ ಬಿಡುತ್ತಿದ್ದ. ಬಾಲ ತಾನಾಗಿ ಹೊರಕ್ಕೆ ಸರಿಯುತ್ತಿತ್ತು. ಅಲ್ಲಿಂದ ಮುಂದಕ್ಕೆ ಜೀಪು ಜಾರುತ್ತಿದೆಯೋ ಯಾರೋ ನಯವಾಗಿ ಎಳೆದುಕೊಂಡು ಹೋಗುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಕೊಟ್ಟ ಸುತ್ತುಗಳನ್ನು ಒಂದೂ ಕೆಡದೆ ಮುಗಿಸಿದ. ಕೊನೆಯ ಸುತ್ತಿನಲ್ಲಿ ಮಾತ್ರ ಇಂಜಿನ್ನಿಗೆ ದಮ್ಮು ಸಾಲದೆ ಜಾರುವುದು ನಿಂತು ಒಂದು ಗಳಿಗೆ ನೆಟ್ಟಗೆ ಉರುಳಿತು. ಗೊತ್ತಿದ್ದವರಿಗಷ್ಟೆ ಗೊತ್ತಾಗುವಂಥದ್ದು. ಮರೀಗೌಡರು ತಲೆ ಸ್ವಲ್ಪ ಓರೆ ಮಾಡಿದರು.

ಕೊನೆಗೆ ಕೆಂಪು ಕಾರು. ಮೂಟೆಯ ಭಾರಕ್ಕೆ ಹಿಂಭಾಗ ಕುಸಿದು, ಮುಂಭಾಗ ಮೇಲೆದ್ದು, ಕುಳಿತ ನಾಯಿಯ ಹಾಗೆ ಕಾಣುತ್ತಿತ್ತು. ಜನ ನಕ್ಕರು. ಕಾರು ಹೊರಟಿತು. ಕಣದ ಅಂಚಿಗೆ ಬಂತು. ಇನ್ನೇನು ಬುಗುರಿ ಅಂತ ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು.

ಬುಗುರಿ ಆಗಲಿಲ್ಲ. ಹಿಂದಿನ ಚಕ್ರ ಹುಲ್ಲಿನೊಳಕ್ಕೆ ಇಳಿದು ನೆಲ ಕಚ್ಚಿತು. ಬಾಲ ಹೊರಕ್ಕೆ ಬಂದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಮೇಟಿಗೆ ಹಗ್ಗ ಕಟ್ಟಿ ಬಿಟ್ಟ ಹಾಗೆ ಕಾರು ಸುತ್ತಿತು. ಮತ್ತೊಂದು ಸುತ್ತು, ಮತ್ತೊಂದು. ಹುಲ್ಲು ಗಾಳಿಗೆದ್ದು ಮಗುಚಿ ಬೀಳುವ ಸದ್ದು ಒಂದೇ ಸಮನೆ ಇತ್ತು. ದಮ್ಮು ಸಾಲದೆ ಉರುಳುವ ಮಾತೇ ಇಲ್ಲ. ನಗುತ್ತಿದ್ದವರ ಬಾಯಿ ಹಾಗೇ ತೆರೆದಿತ್ತು. ನಾನು ಗುರುತು ಹಾಕುವುದನ್ನು ಮರೆತು, ಪಕ್ಕದ ಹುಡುಗಿಯನ್ನು ಕೇಳಿ ಹಾಕಿದೆ.

ಮರೀಗೌಡರು ಕಣಕ್ಕಿಳಿದು ಹುಲ್ಲನ್ನು ಕಾಲಿನಿಂದ ಒದ್ದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅಣ್ಣನ ಮುಖ ನೋಡದೆ, "ಇವತ್ತು ಆ ಕಾರು ಕನಪ್ಪ," ಅಂದರು.

ಪ್ರತಾಪ ಕಾರಿಂದಿಳಿದು ಓಡಿ ಬಂದು ಅವರ ಕಾಲು ಮುಟ್ಟಿದ. "ನೀವು ಮೂಟೆ ಹಾಕಿಸಿದ್ದೇ ಒಳ್ಳೇದಾಯ್ತು ಗೌಡ್ರೇ. ಹಿಂದೆ ಭಾರ ಇಲ್ಲದೇನೇ ಅದು ತಿರುಗಿಬಿಡ್ತಿದ್ದಿದ್ದು. ನನಗೆ ಹೊಳೆದೇ ಇರಲಿಲ್ಲ," ಅಂದ.

ಹೊಳೆದಿರಲಿಲ್ಲವೋ, ಹೊಳೆದೇ ಬೇಡ ಬೇಡ ಅಂದನೋ? ಮನೆಗೆ ಬರುವಾಗ ದಾರಿಯಲ್ಲಿ ಅಣ್ಣ ಒಂದೇ ಮಾತು ಆಡಿದ. "ಇಂದ್ಗಡೆ ಮೇಕೆ ಅಂತ ನಾನೇ ಯೋಳಿದ್ನಲ್ಲಮ್ಮಿ. ಎತ್ತಿ ಇಳ್ಸಿದ್ದೂ ನಾನೇ."

ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಸುದ್ದಿ ಅವರಿಗಾಗಲೇ ಮುಟ್ಟಿತ್ತು. ಏನೂ ಕೇಳಲಿಲ್ಲ. ಅದೇ ಅಣ್ಣನಿಗೆ ಹೆಚ್ಚು ಕಷ್ಟವಾಯಿತು ಅಂತ ಕಾಣುತ್ತದೆ. ಊಟಕ್ಕೆ ಬಂದು ಕೂರಲಿಲ್ಲ.

ಪದ್ಧತಿಯಂತೆ ಗೆದ್ದವನು ಮಾರನೆಯ ಬೆಳಿಗ್ಗೆ ಮರೀಗೌಡರ ಕಣದಲ್ಲಿ ಒಕ್ಕಣೆ ಶುರು ಮಾಡಬೇಕು. ಅವನು ಬಾರದಿದ್ದರೆ ಎರಡನೆಯವನಿಗೆ ಕರೆ ಹೋಗುತ್ತದೆ. ಎರಡನೆಯವನು ಅಣ್ಣ. ಸೋಮವಾರ ಬೆಳಿಗ್ಗೆ ಇಡೀ ಊರು ರಸ್ತೆ ನೋಡುತ್ತ ನಿಂತಿತ್ತು. ಬರುವುದಿಲ್ಲ ಅಂತ ನಾನು ಅವ್ವನ ಹತ್ತಿರ ಪಂದ್ಯ ಕಟ್ಟಿದ್ದೆ. ಬಂದ. ಮೂಟೆಗಳೂ ಇನ್ನೂ ಡಿಕ್ಕಿಯಲ್ಲೇ ಇದ್ದವು.

ಒಕ್ಕಿದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಒಕ್ಕಿದ. ಕಾರಿನ ಹೊಟ್ಟೆ ಹುಲ್ಲಿಗೆ ತಾಗಿ ಬಿಸಿ ಕೊಳವೆಯಿಂದ ಸೀದ ವಾಸನೆ ಬರುತ್ತಿತ್ತು. ಹೆಂಗಸರು ಬೆಂಕಿ ಬಿದ್ದೀತೆಂದು ಬಿಂದಿಗೆಯಲ್ಲಿ ನೀರು ಹಿಡಿದು ಸುತ್ತ ನಿಂತಿದ್ದರು. ಆದರೆ ಜೀಪಿಗೆ ಮಧ್ಯಾಹ್ನದವರೆಗೆ ಹಿಡಿಯುತ್ತಿದ್ದ ಆ ದೊಡ್ಡ ಮೆದೆ ಬಿಸಿಲೇರುವ ಮೊದಲೇ ಮುಗಿಯಿತು. ತೂರಿ ನೋಡಿದರೆ ಕಾಳು ಒಡೆದಿರಲಿಲ್ಲ. ಮಧ್ಯಾಹ್ನ ಇನ್ನೊಬ್ಬರ ಕಣವನ್ನೂ ಮುಗಿಸಿದ. ಸಂಜೆ ಹೊತ್ತಿಗೆ, ಎಲೆಕ್ಷನ್ನು ಅಂದವರು, ಹೋಟೆಲು ಅಂದವರು, ಎಲ್ಲ ಸಾಲಾಗಿ ನಿಂತು, "ನಾಳೀಕೆ ನಮ್ದು ಬುದ್ಧೀ," "ನಮ್ದು ಚಿಕ್ ಮೆದೆ, ಒಂದ್ಗಳಿಗೆ ಕೆಲ್ಸ," ಅಂತ ಕೇಳುತ್ತಿದ್ದರು. ಕಾರು ಬಾರದಿದ್ದರೆ ನೀನೇ ಬಾ ಅಂತ ಆ ಬೆಳಿಗ್ಗೆ ಅಣ್ಣನಿಗೆ ಹೇಳಿಟ್ಟಿದ್ದ ಮನೆಯವರೂ ಆ ಸಾಲಿನಲ್ಲಿದ್ದರು. ಪ್ರತಾಪ ಎಲ್ಲರಿಗೂ ಆಗಲಿ, ಬರ್ತೀನಿ ಅಂದ. ಕಾರಿನ ಕೆಂಪೆಲ್ಲ ಧೂಳು ಮೆತ್ತಿ ರಾಗಿಯ ಬಣ್ಣವಾಗಿತ್ತು.

ಅಣ್ಣ ಇದನ್ನೆಲ್ಲ ನಮ್ಮ ಹಿತ್ತಿಲಿಂದ ನೋಡಿದ. ಮಂಗಳವಾರ ಕತ್ತಲಿರುವಾಗಲೇ ಎದ್ದು, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಲೈಸೆನ್ಸು ಕಿಸೆಯಲ್ಲಿಟ್ಟು ಮೈಸೂರಿನ ಮೊದಲ ಬಸ್ಸಿಗೆ ಹೋದ. ಜೀಪಿನ ಕೀ ಗೂಡಿನಲ್ಲಿತ್ತು. ಅವ್ವ ತಡೆಯಲು ಹೋದಳು. "ಓಗ್ಲಿ ಬುಡು," ಅಂದರು ಅಪ್ಪ. ಆದರೆ ಅವರ ದನಿಯಲ್ಲಿ ಗೆದ್ದ ಕಳೆ ಇರಲಿಲ್ಲ.

ಆ ದಿನ ನಾಲ್ಕು ಕಣದಲ್ಲಿ ರಾಗಿ ಹರಡಿದ್ದರು. ಬೆಳಗಿನ ಬಿಸಿಲು ಬಂತು, ಕಾರು ಬರಲಿಲ್ಲ. ಹೊತ್ತು ಏರಿತು. ಪೂರ್ವದಿಂದ, ಆ ಕಾಲದಲ್ಲಿ ಕಾಣಬಾರದ ಮೋಡ ಕಾಣಿಸಿಕೊಂಡಿತು. ಮೊದಲು ಒಂದು ಸಣ್ಣ ಚೂರು, ಆಮೇಲೆ ಅರ್ಧ ಆಕಾಶ. ಹರಡಿದ ರಾಗಿಯ ಮೇಲೆ ಮಳೆ ಬಿದ್ದರೆ ಕಾಳು ಕಪ್ಪಾಗುತ್ತದೆ, ಹುಲ್ಲನ್ನು ದನ ಮೂಸುವುದಿಲ್ಲ. ಯಾರೋ ಸೈಕಲಿನಲ್ಲಿ ಬೂಕನಕೆರೆಗೆ ಹೋಗಿ ಫೋನು ಮಾಡಿ ಬಂದರು. ಮನೆಯಲ್ಲಿ ಇಲ್ಲ ಅಂದರಂತೆ. ಬೇರೆ ಊರಿನ ಜೀಪಿನವರೆಲ್ಲ ಸೋತ ಮೇಲೆ ತಮ್ಮ ತಮ್ಮ ಕಡೆಗೆ ಹೋಗಿಬಿಟ್ಟಿದ್ದರು. ಮರೀಗೌಡರು ಕೋಲೂರಿಕೊಂಡು ನಮ್ಮ ಮನೆಗೆ ಬಂದರು.

"ನಿಂಗ ಎಲ್ಲಿ?"

"ಮೈಸೂರ್ಗೋದ," ಅಂದರು ಅಪ್ಪ.

"ಕರೆ ಅವ್ನ್ದು ಕನಪ್ಪ ಈಗ."

"ನೆನ್ನೆ ಸಾಲ್ನಲ್ಲಿ ನಿಂತಿದ್ರಲ್ಲ, ಅವ್ರು ಯೋಳ್ಲಿ ಆ ಮಾತ."

 ಮರೀಗೌಡರು ಮೋಡದ ಕಡೆ ಒಂದು ಸಲ ನೋಡಿ, ಜಗುಲಿಯ ಮೇಲೆ ಕೂತರು. ಅಪ್ಪನೂ ಮೋಡದ ಕಡೆ ನೋಡಿದರು. ಹಗ್ಗ ಕೆಳಗಿಟ್ಟರು. ಎದ್ದು ಒಳಗೆ ಹೋಗಿ ಗೂಡಿನಿಂದ ಕೀ ತಂದರು.

ಅಪ್ಪ ಜೀಪು ಓಡಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಣ್ಣ ಕೊಂಡ ಹೊಸದರಲ್ಲಿ ಒಂದೆರಡು ಸಲ ಹೊಲದಲ್ಲಿ ಕಲಿಸಿದ್ದನಂತೆ. ಎರಡು ಸಲ ಆಫ್ ಮಾಡಿ, ಮೂರನೇ ಸಲ ಒಂದು ನೆಗೆತ ನೆಗೆದು ಜೀಪು ಹೊರಟಿತು. ನಾನೂ ಹತ್ತಿಕೊಂಡೆ. ಕಣಕ್ಕೆ ಹೋದ ಮೇಲೆ ಅಡ್ಡೋಟ ಗಿಡ್ಡೋಟ ಏನಿಲ್ಲ. ಮೊದಲನೇ ಗೇರಿನಲ್ಲಿ, ಎತ್ತು ಹೊಡೆಯುವ ವೇಗದಲ್ಲಿ, ಮೇಟಿಯ ಸುತ್ತ ಉರುಳಿಸಿಕೊಂಡು ಹೋದರು. ತಿರುವಿನಲ್ಲಿ ಹೋ, ಹೋ ಅಂತ ಅವರಿಗೇ ತಿಳಿಯದೆ ಬಾಯಲ್ಲಿ ಬರುತ್ತಿತ್ತು. ಬದಿಯಲ್ಲಿ ನಿಂತವರು ನಗಲಿಲ್ಲ. ಹುಲ್ಲನ್ನು ಕವೆಗೋಲಿನಿಂದ ಮಗುಚಿ ಕೊಡುತ್ತಿದ್ದರು, ಹಿಂದೆ ಎತ್ತಿನ ಕಾಲದಲ್ಲಿ ಮಾಡುತ್ತಿದ್ದ ಹಾಗೆ. ಮೋಡ ತಲೆಯ ಮೇಲೆ ಬಂತು. ನಾಲ್ಕು ಹನಿ ಬಿತ್ತು. ಗಾಳಿ ಎದ್ದು ಅದನ್ನು ನಾಗಮಂಗಲದ ಕಡೆ ಒಯ್ದಿತು.

ಆ ಮಧ್ಯಾಹ್ನದಿಂದ ಇವತ್ತಿನವರೆಗೆ ಪ್ರತಾಪ ಯಾಕೆ ಬರಲಿಲ್ಲ ಅನ್ನುವುದಕ್ಕೂ ಊರಲ್ಲಿ ಕಾರಣಗಳು ಹುಟ್ಟಿವೆ. ಅವನಪ್ಪ ಬೈದನಂತೆ, ಕಾರಿನ ಕೆಳಗೆ ಹುಲ್ಲು ಹತ್ತಿಕೊಂಡಿತಂತೆ, ಆಟ ಸಾಕಾಯಿತಂತೆ. ಅವರಪ್ಪ ಎಲೆಕ್ಷನ್ನಿಗೆ ನಿಲ್ಲಲಿಲ್ಲ. ಹಿನ್ನೀರಿನ ಪಕ್ಕ ಯಾವ ಹೋಟೆಲೂ ಏಳಲಿಲ್ಲ. ಅಕ್ಕಿಹೆಬ್ಬಾಳಿನ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ಮೂಟೆಗಳನ್ನು ಮಾತ್ರ ಒಂದು ವಾರದ ಮೇಲೆ ಯಾವುದೋ ಲಾರಿಯವನ ಕೈಲಿ ಕಳಿಸಿದ್ದ. ಅದನ್ನೂ ನಮ್ಮೂರಿನವರು ತೂಕ ಹಾಕಿ ನೋಡಿದರು, ಸರಿಯಿತ್ತು. ಆ ಥರದ ಕಾರು ಆ ಕಣಕ್ಕೆ ಬರಬೇಕಿತ್ತೇ, ಬರಬಾರದಿತ್ತೇ ಅಂತ ಯಾರಾದರೂ ಕೇಳಿದರೆ, ಕಾರಿನ ಬೆಲೆ ನೋಡಿ ನನಗೆ ಏನೂ ಹೇಳಲು ಬರುವುದಿಲ್ಲ. ಮಂಗಳವಾರವೂ ಆ ಕಾರು ಬರುತ್ತದೆಯೇ ಅಂತ ಶನಿವಾರವೇ ಕೇಳಬೇಕಿತ್ತು. ನಾವು ಅವನು ಯಾಕೆ ಬಂದ ಅಂತ ಹುಡುಕುವುದರಲ್ಲೇ ಇದ್ದೆವು.

ಸಂಜೆ ಬಸ್ಸಿಗೆ ಅಣ್ಣ ಬಂದ. ಇಸ್ತ್ರಿ ಷರಟು ಮುದುರಿತ್ತು. ಊರ ಮುಂದೆ ಇಳಿದವನು ಜೀಪಿನ ಸದ್ದು ಕೇಳಿ ಮನೆಗೆ ಹೋಗದೆ ನೇರ ಕಣಕ್ಕೆ ಬಂದ. ಅಪ್ಪ ಒಂದು ಕಣ ಮುಗಿಸಿ ಎರಡನೆಯದರಲ್ಲಿದ್ದರು. ಮೈಯೆಲ್ಲ ಹೊಟ್ಟು. ಅಣ್ಣನನ್ನು ಕಂಡು ಬ್ರೇಕು ಹಾಕಿದರು. ಜೀಪು ಕೆಮ್ಮಿ ನಿಂತಿತು. ಕಣದ ಸುತ್ತ ಇದ್ದವರು ಕೈಲಿದ್ದ ಕೆಲಸ ನಿಲ್ಲಿಸಿದರು.

"ಡಾಕ್ಟ್ರು ಏನಂದ್ರು?"

"ಸೋಮ್ವಾರದಿಂದ ಬಾ ಅಂದ್ರು."

ಅಪ್ಪ ಸ್ಟೇರಿಂಗಿನ ಮೇಲಿಂದ ಕೈ ತೆಗೆದು, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. ಕೆಳಗಿಳಿದರು. ಬಾಗಿಲನ್ನು ತೆಗೆದ ಹಾಗೇ ಬಿಟ್ಟರು.

"ಸೋಮ್ವಾರ ಆಗಕಿಲ್ಲ ಕಣ್ಲಾ," ಅಂದರು. "ಸೋಮ್ವಾರ ಆಚೆ ಊರ್ನೋರ ಮೆದೆ ಐತೆ. ನಾನು ಒಪ್ಕೊಂಬುಟ್ಟಿವ್ನಿ."